ಮೃತ್ಯುವೂ ವೃತ್ತಿಯೂ

ಮೃತ್ಯುವಿಗೆ ಅರಸನೂ ಒಂದೇ, ಆಳೂ ಒಂದೇ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಮೈಸೂರಿನ ಚರಿತ್ರೆಯನ್ನು ಓದಿದವರಿಗೆ ಈ ಮಾತಿಗೆ ನಿದರ್ಶನಗಳು ದೊರೆಯದೆ ಇರವು. 1894ನೆಯ ಇಸವಿ ಡಿಸೆಂಬರಿನಲ್ಲಿ ಶ್ರೀ ಚಾಮರಾಜೇಂದ್ರ ಒಡೆಯರವರು ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ಕಾಲವಾದರು. ಆಗ ಅವರಿಗೆ 31 ವರ್ಷ ವಯಸ್ಸು. ಅವರ ಪುತ್ರಿಯರಲ್ಲೊಬ್ಬರಾದ ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯರೋಗವು ಕೊಂಡೊಯ್ದಿತು; ಅವರ ಸ್ಮಾರಕವಾಗಿ 1921ರಲ್ಲಿ ಮೈಸೂರಿನಲ್ಲಿ ಕ್ಷಯರೋಗದ ಆಸ್ಪತ್ರೆಯು ಸ್ಥಾಪಿತವಾಯಿತು. ಅರಮನೆಯ ಗೋಡೆಗಳು ರೋಗವನ್ನು ತಡೆಯಲಿಲ್ಲವೆಂಬುದು ನಿಜ. ಆದರೆ ಎಲ್ಲರೂ ಸಾಯುವರೆಂಬುದು ಒಂದು ಮಾತು, ಎಲ್ಲರೂ ಒಂದೇ ವಯಸ್ಸಿನಲ್ಲಿ, ಒಂದೇ ಕಾರಣದಿಂದ, ಒಂದೇ ಪ್ರಮಾಣದಲ್ಲಿ ಸಾಯುವರೆಂಬುದು ಇನ್ನೊಂದು ಮಾತು. ಮೊದಲನೆಯದನ್ನು ವೇದಾಂತಿಗಳು ಸಿದ್ಧಪಡಿಸಿರುವರು. ಎರಡನೆಯದನ್ನು ಲೆಕ್ಕದ ಪುಸ್ತಕಗಳು ಸುಳ್ಳೆಂದು ತೋರಿಸಿರುವುವು. ಈ ಎರಡನೆಯ ವಿಷಯವನ್ನು ಕುರಿತೇ ನಾವು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿರುವೆವು.

ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ತುಮಕೂರಿನಿಂದ ಶಿರಾದ ಕಡೆಗೆ ಹೆದ್ದಾರಿಯನ್ನು ಹಿಡಿದು ಹೊರಟರೆ ವಸಂತನರಸಾಪುರದ ಸೀಮೆಯು ಸಿಕ್ಕುವುದು. ಮಳೆಯನ್ನೇ ನಂಬಿ ರಾಗಿ ಹುರುಳಿಗಳನ್ನು ಬೆಳೆಯುವ ಬೆದ್ದಲು ನಾಡಿನ ನಡುವೆ ಅಲ್ಲಿ ಈಗ ಕೈಗಾರಿಕೆಯ ಪ್ರದೇಶವೊಂದು ಹರಡಿಕೊಂಡಿದೆ. 2014ನೆಯ ಇಸವಿ ಸೆಪ್ಟೆಂಬರ್ 24ರಂದು ಅಲ್ಲಿ ಆಹಾರ ಸಂಸ್ಕರಣದ 'ಫುಡ್ ಪಾರ್ಕ್' ಪ್ರಾರಂಭವಾಯಿತು. 2020ರ ಡಿಸೆಂಬರಿನಲ್ಲಿ ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ತುಮಕೂರು ಭಾಗಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆಯಿತು. ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರುಗಳ ಕಾರ್ಖಾನೆಯು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಗುಬ್ಬಿಯ ಅಡಕೆ ತೆಂಗಿನ ತೋಟಗಳು, ಕುಣಿಗಲಿನ ದೊಡ್ಡ ಕೆರೆಯ ಕೆಳಗಣ ಗದ್ದೆಗಳು, ಇವುಗಳಲ್ಲಿ ದುಡಿದ ತಾತನ ಮೊಮ್ಮಗನು ಯಂತ್ರದ ಮುಂದೆ ನಿಲ್ಲುವ ಕಾಲವಿದು. ಕಸುಬು ಬದಲಾದ ಮೇಲೆ ಕೂಲಿ ಬದಲಾಗುವುದು, ಊಟ ಬದಲಾಗುವುದು, ಉಡುಪು ಬದಲಾಗುವುದು. ಸಾವಿನ ಕಾರಣವೂ ಬದಲಾಗುವುದೆಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಈ ಸಂಬಂಧವನ್ನು ಮನುಷ್ಯನು ಕಂಡುಕೊಂಡದ್ದು ಹೇಗೆ? ಲಂಡನ್ನಿನಲ್ಲಿ ವಾರವಾರವೂ ಸತ್ತವರ ಪಟ್ಟಿಯನ್ನು ಅಚ್ಚುಹಾಕಿಸಿ ಮಾರುವ ವಾಡಿಕೆಯು 17ನೆಯ ಶತಮಾನದಲ್ಲಿದ್ದಿತು. ಪ್ಲೇಗು ಹೆಚ್ಚುತ್ತಿದೆಯೋ ತಗ್ಗುತ್ತಿದೆಯೋ ಎಂಬುದನ್ನು ತಿಳಿದು, ಊರು ಬಿಡಬೇಕೆ ಬೇಡವೆ ಎಂದು ನಿಶ್ಚಯಿಸುವುದಕ್ಕೆ ಜನರು ಅದನ್ನು ಕೊಳ್ಳುತ್ತಿದ್ದರು. ಜಾನ್ ಗ್ರಾಂಟ್ ಎಂಬ ಬಟ್ಟೆಯ ವರ್ತಕನು ಆ ಪಟ್ಟಿಗಳನ್ನೆಲ್ಲ ಕೂಡಿಸಿ, 1662ರಲ್ಲಿ ಒಂದು ಸಣ್ಣ ಗ್ರಂಥವನ್ನು ಪ್ರಕಟಿಸಿದನು. ಒಬ್ಬೊಬ್ಬನ ಸಾವು ದೈವಾಧೀನವೆಂದು ಕಂಡರೂ ಸಾವಿರಾರು ಸಾವುಗಳನ್ನು ಒಟ್ಟುಗೂಡಿಸಿ ನೋಡಿದರೆ ಅವುಗಳಲ್ಲಿ ಒಂದು ಕ್ರಮವಿರುವುದೆಂದು ಅವನು ತೋರಿಸಿದನು. 1700ರಲ್ಲಿ ಇಟಲಿಯ ಬರ್ನಾರ್ಡಿನೊ ರಾಮಜೀನಿ ಎಂಬ ವೈದ್ಯನು ಕಸುಬುದಾರರ ರೋಗಗಳನ್ನು ಕುರಿತು ಪುಸ್ತಕವನ್ನು ಬರೆದನು. ರೋಗಿಯ ಬಳಿಗೆ ಹೋದ ವೈದ್ಯನು ಎಂದಿನ ಪ್ರಶ್ನೆಗಳ ಜೊತೆಗೆ 'ನೀನು ಮಾಡುವ ಕೆಲಸವೇನು?' ಎಂಬ ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕೆಂಬುದು ಅವನ ಉಪದೇಶ. 1775ರಲ್ಲಿ ಪರ್ಸಿವಲ್ ಪಾಟ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯನು, ಹೊಗೆಗೂಡುಗಳ ಒಳಗೆ ಇಳಿದು ಮಸಿಯನ್ನು ಗುಡಿಸುವ ಹುಡುಗರಿಗೆ ಮುಂದೆ ಬರುವ ಒಂದು ಬಗೆಯ ಏಡಿಗಂತಿಗೆ ಆ ಮಸಿಯೇ ಕಾರಣವೆಂದು ಹೇಳಿದನು.

ಆದರೂ ಇವೆಲ್ಲ ವೈದ್ಯರು ಕಣ್ಣಾರೆ ಕಂಡ ಸಂಗತಿಗಳು, ಲೆಕ್ಕವಲ್ಲ. ಒಂದು ಊರಿನಲ್ಲಿ ಹತ್ತು ಮಂದಿ ಕಮ್ಮಾರರು ಸತ್ತರೆಂದರೆ ಅದರಿಂದ ಏನೂ ತಿಳಿಯದು. ಆ ಊರಿನಲ್ಲಿ ಕಮ್ಮಾರರು ಇದ್ದವರೆಷ್ಟು, ಅವರ ವಯಸ್ಸೇನು ಎಂಬುದೂ ತಿಳಿಯಬೇಕು. ಇದ್ದವರ ಎಣಿಕೆಯನ್ನು ಖಾನೇಷುಮಾರಿಯು ಕೊಡುವುದು; ಸತ್ತವರ ಎಣಿಕೆಯನ್ನು ಮರಣದ ರಿಜಿಸ್ಟರು ಕೊಡುವುದು. ಈ ಎರಡು ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ಕಸುಬುಕಸುಬಿಗೂ ಸಾವಿನ ಪ್ರಮಾಣವನ್ನು ಕಟ್ಟಿದ ಕೀರ್ತಿಯು ವಿಲಿಯಂ ಫಾರ್ ಎಂಬಾತನಿಗೆ ಸಲ್ಲತಕ್ಕುದು. 1851ರ ಇಂಗ್ಲೆಂಡಿನ ಖಾನೇಷುಮಾರಿಯ ಆಧಾರದ ಮೇಲೆ ಅವನು ಈ ಕಾರ್ಯವನ್ನು ಮಾಡಿದನು. ಅದೇ ಕಾಲದಲ್ಲಿ ಅವನ ನೆರವನ್ನು ಪಡೆದ ಫ್ಲಾರೆನ್ಸ್ ನೈಟಿಂಗೇಲರು ಸಿಪಾಯಿಗಳ ಮರಣವನ್ನು ಲೆಕ್ಕಹಾಕಿದರು. ಇಂಡಿಯಾದ ಸೈನ್ಯದ ಆರೋಗ್ಯವನ್ನು ಕುರಿತು 1863ರಲ್ಲಿ ಹೊರಬಿದ್ದ ವರದಿಯಂತೆ, ಇಲ್ಲಿದ್ದ ಇಂಗ್ಲಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಶತ್ರುವಿನ ಗುಂಡಿಗಿಂತಲೂ ಕೊಳಕು ನೀರು, ಕಿರಿದಾದ ಬಾರಕುಗಳು, ಜ್ವರ, ಭೇದಿ, ಹೆಂಡ ಇವುಗಳೇ ಅವರನ್ನು ಕೊಂದದ್ದು. ಈ ಸಂಗತಿಯು ಮೈಸೂರಿನವರಿಗೆ ಹೊಸದೇನೂ ಆಗಿರಲಿಲ್ಲ. ಶ್ರೀರಂಗಪಟ್ಟಣದ ಜ್ವರಕ್ಕೆ ಅಂಜಿ ಇಂಗ್ಲಿಷರು ತಮ್ಮ ಪಡೆಯನ್ನು 1809ರಲ್ಲಿ ಬೆಂಗಳೂರಿಗೆ ಸಾಗಿಸಿದರೆಂಬುದನ್ನು ನಾವೆಲ್ಲರೂ ಬಲ್ಲೆವು. ಬೆಂಗಳೂರಿನ ದಂಡು ಪ್ರದೇಶವು ಹುಟ್ಟಿದುದಕ್ಕೆ ಒಂದು ವೃತ್ತಿಯವರ ಮರಣವೇ ಕಾರಣವಾಯಿತೆನ್ನಬಹುದು.

ಇನ್ನು ನಮ್ಮ ನಾಡಿನ ಲೆಕ್ಕವನ್ನು ನೋಡೋಣ. 1871ರ ಖಾನೇಷುಮಾರಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯು ಸುಮಾರು 50 ಲಕ್ಷ 55 ಸಾವಿರ. ಹತ್ತು ವರ್ಷಗಳ ಮೇಲೆ, 1881ರಲ್ಲಿ, ಅದು ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಈ ನಡುವೆ ಬಂದುಹೋದುದು ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ. ಎಂಟು ಲಕ್ಷಕ್ಕೂ ಮೇಲ್ಪಟ್ಟ ಈ ಇಳಿತದಲ್ಲಿ ಎಲ್ಲ ಕಸುಬಿನವರಿಗೂ ಸಮಪಾಲು ಬರಲಿಲ್ಲ. ಹಗೇವಿನಲ್ಲಿ ರಾಗಿಯನ್ನು ಇಟ್ಟುಕೊಂಡಿದ್ದ ರೈತನು ಕೆಲವು ತಿಂಗಳು ತಡೆದುಕೊಂಡನು. ಅಂದಂದಿನ ಕೂಲಿಯಿಂದ ಅಂದಂದಿನ ಅನ್ನವನ್ನು ಕೊಳ್ಳುವ ಆಳಿಗೂ, ಬಟ್ಟೆ ಮಾರಿ ಧಾನ್ಯವನ್ನು ತರಬೇಕಾದ ನೇಯ್ಗೆಯವನಿಗೂ ಅಂತಹ ಆಸರೆ ಇರಲಿಲ್ಲ. ಹೊಲದಲ್ಲಿ ಕೆಲಸ ನಿಂತ ದಿನವೇ ಆಳಿನ ಕೂಲಿ ನಿಂತಿತು. ಎಲ್ಲರೂ ಅನ್ನಕ್ಕೆ ಪರದಾಡುವಾಗ ಹೊಸ ಸೀರೆಯನ್ನು ಕೊಳ್ಳುವವರು ಯಾರು?

ಇಲ್ಲಿ ಚರಿತ್ರೆಯ ವಿದ್ಯಾರ್ಥಿಯು ಗಮನಿಸಬೇಕಾದ ಇನ್ನೊಂದು ವಿಷಯವುಂಟು. ಆ ಕಾಲದ ರಿಜಿಸ್ಟರುಗಳಲ್ಲಿ ಮರಣದ ಕಾರಣಗಳಿಗೆ ಇದ್ದ ಶೀರ್ಷಿಕೆಗಳು ಬೆರಳೆಣಿಕೆಯವು: ವಾಂತಿಭೇದಿ, ಸಿಡುಬು, ಜ್ವರ, ಆಮಶಂಕೆ, ಗಾಯ, ಇತರ ಕಾರಣಗಳು. ಗ್ರಾಮದಿಂದ ವರದಿಯನ್ನು ಒಪ್ಪಿಸುತ್ತಿದ್ದವನು ವೈದ್ಯನಲ್ಲ, ಊರಿನ ಪಟೇಲ. ಹಸಿವಿನಿಂದ ಬಳಲಿದ ದೇಹಕ್ಕೆ ಕೊನೆಯಲ್ಲಿ ಭೇದಿಯೋ ಜ್ವರವೋ ತಗುಲಿ ಪ್ರಾಣವನ್ನು ಒಯ್ಯುವುದು. ಆದುದರಿಂದ ಹಸಿದು ಸತ್ತವನು ಜ್ವರದ ಶೀರ್ಷಿಕೆಯ ಕೆಳಗೆ ಬರೆಯಲ್ಪಟ್ಟನು. ಬರದ ಮರಣವನ್ನು ನಮಗೆ ತಿಳಿಸಿದುದು ಮರಣದ ರಿಜಿಸ್ಟರಲ್ಲ. ಹತ್ತು ವರ್ಷಗಳ ಮೇಲೆ ತಲೆಗಳನ್ನು ಎಣಿಸಿದಾಗ ಕಾಣದೆ ಹೋದ ತಲೆಗಳು. ಕಾರಣವನ್ನು ಬರೆಯುವ ಅಂಕಣವು ಎಷ್ಟು ಅಗಲವಾಗಿರುವುದೋ ಅಷ್ಟೇ ಸತ್ಯವು ಅದರಲ್ಲಿ ಹಿಡಿಸುವುದು.

ಕ್ಷಾಮದ ಇಪ್ಪತ್ತು ವರ್ಷಗಳ ತರುವಾಯ ಪ್ಲೇಗು ಬಂದಿತು. 1896ರಲ್ಲಿ ಅದು ಮುಂಬಯಿಯ ಮಾಂಡವಿಯಲ್ಲಿ, ಬಂದರಿನ ಧಾನ್ಯದ ಮಳಿಗೆಗಳ ನಡುವೆ, ಕಾಣಿಸಿಕೊಂಡಿತು. 1898ರ ಆಗಸ್ಟಿನಲ್ಲಿ ರೈಲು ದಾರಿಯಿಂದ ಬೆಂಗಳೂರನ್ನು ಮುಟ್ಟಿತು. ಇದನ್ನು ದೇವಿಯ ಕೋಪವೆಂದು ಜನರು ಮಾರಿಯಮ್ಮನಿಗೆ ಗುಡಿಗಳನ್ನು ಕಟ್ಟಿದರು. ಆದರೆ ಈ ಕೋಪವು ಧಾನ್ಯದ ಮಳಿಗೆಗಳ ಸುತ್ತ ಹೆಚ್ಚಾಗಿದ್ದುದೇಕೆ? ಉತ್ತರವು ತಡವಾಗಿ ದೊರೆಯಿತು. ರೋಗದ ಕ್ರಿಮಿಯನ್ನು 1894ರಲ್ಲಿ ಯೆರ್ಸಿನ್ ಎಂಬ ವಿಜ್ಞಾನಿಯು ಕಂಡುಹಿಡಿದಿದ್ದನು. ಆ ಕ್ರಿಮಿಯನ್ನು ಇಲಿಯಿಂದ ಮನುಷ್ಯನಿಗೆ ಒಯ್ಯುವುದು ಇಲಿಯ ಚಿಗಟವೆಂದು 1898ರಲ್ಲಿ ಸಿಮಾನ್ ಎಂಬ ಫ್ರೆಂಚ್ ವೈದ್ಯನು ತೋರಿಸಿದನು. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ನಮ್ಮ ಹಳ್ಳಿಗಳ ಜನರಿಗೆ ಚಿಗಟದ ವಿಷಯ ತಿಳಿಯದಿದ್ದರೂ 'ಇಲಿ ಬಿತ್ತು' ಎಂದೊಡನೆ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹೂಡುವುದನ್ನು ಅವರು ಬೇಗನೆ ಕಲಿತುಕೊಂಡರು. ಬೆಂಗಳೂರಿನ ಬಸವನಗುಡಿ ಮಲ್ಲೇಶ್ವರಗಳ ಅಗಲವಾದ ಬೀದಿಗಳೂ, 1900ರಲ್ಲಿ ತೆರೆಯಲ್ಪಟ್ಟ ವಿಕ್ಟೋರಿಯಾ ಆಸ್ಪತ್ರೆಯೂ ಆ ಕಾಲದ ನೆನಪುಗಳಾಗಿ ನಿಂತಿರುವುವು.

ಪ್ಲೇಗು ಅವಸರದಲ್ಲಿ ಕೊಲ್ಲುವ ರೋಗ. ಅದನ್ನು ಕಾಣದೆ ಇರಲು ಯಾರಿಂದಲೂ ಆಗದು. ಸಾವಕಾಶವಾಗಿ ಕೊಲ್ಲುವ ಕಸುಬಿನ ರೋಗವು ಹೇಗೆ ಮರೆಯಾಗಿರುವುದೆಂಬುದನ್ನು ತಿಳಿಯಬೇಕಾದರೆ ಕೋಲಾರದ ಚಿನ್ನದ ಗಣಿಗಳಿಗೆ ಹೋಗಬೇಕು. ಜಾನ್ ಟೇಲರ್ ಕಂಪೆನಿಯವರು 1880ರಿಂದೀಚೆಗೆ ಅಲ್ಲಿ ಆಳವಾಗಿ ಅಗೆಯಿಸತೊಡಗಿದರು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಬಂದಿತು. ಕಡೆಕಡೆಗೆ ಗಣಿಯ ಆಳವು ಮೂರು ಕಿಲೋಮೀಟರುಗಳನ್ನು ಮೀರಿತು. ಬಂಡೆಯು ಮೇಲಿನ ಭಾರವನ್ನು ತಾಳಲಾರದೆ ಸಿಡಿದು ಕೆಲಸಗಾರರನ್ನು ಕೊಂದರೆ ಅದು ಅಂದೇ ಊರಿಗೆಲ್ಲ ತಿಳಿಯುತ್ತಿದ್ದಿತು. ಬೆಣಚುಕಲ್ಲನ್ನು ಕೊರೆಯುವಾಗ ಏಳುವ ನುಣ್ಣನೆಯ ದೂಳಿನ ವಿಷಯ ಹಾಗಲ್ಲ. ಅದು ಶ್ವಾಸಕೋಶವನ್ನು ಸೇರಿ, ಅಲ್ಲಿ ವರ್ಷಗಟ್ಟಲೆ ಗಾಯವನ್ನೂ ಕಲೆಯನ್ನೂ ಬೆಳೆಸಿ, ಉಸಿರಾಟಕ್ಕೆ ಇಂಬಿಲ್ಲದಂತೆ ಮಾಡುವುದು. ಸಿಲಿಕೋಸಿಸ್ ಎಂದು ಅದಕ್ಕೆ ಹೆಸರು. ಆ ರೋಗಿಗೆ ಕ್ಷಯವು ಸುಲಭವಾಗಿ ಅಂಟಿಕೊಳ್ಳುವುದು. ಇಂಡಿಯಾದಲ್ಲಿ ಈ ರೋಗವು ಮೊದಲು ವರದಿಯಾದುದು ಕೋಲಾರದ ಗಣಿಗಳಿಂದ, 1947ರಲ್ಲಿ. ಗಣಿಯ ಕೆಲಸವು ಬಲವಾಗಿ ಪ್ರಾರಂಭವಾಗಿ ಆಗಲೇ ಅರುವತ್ತು ವರ್ಷಗಳಿಗೂ ಹೆಚ್ಚಾಗಿದ್ದುವು.

ಅರುವತ್ತು ವರ್ಷಗಳ ಕಾಲ ಈ ರೋಗವು ಲೆಕ್ಕಕ್ಕೆ ಸಿಕ್ಕದೆ ಇರಲು ಒಂದು ಮುಖ್ಯ ಕಾರಣವನ್ನು ನಾವು ಊಹಿಸಬಹುದು. ಉಸಿರು ಸಾಲದೆ ಕೈಲಾಗದವನಾದ ಕೆಲಸಗಾರನು ಗಣಿಯಲ್ಲಿ ಉಳಿಯಲಾರನು. ತನ್ನ ಹುಟ್ಟೂರಿಗೆ ಹಿಂದಿರುಗುವನು. ಅಲ್ಲಿ ಅವನು ಸತ್ತರೆ ಆ ಊರಿನ ಪುಸ್ತಕದಲ್ಲಿ 'ಕ್ಷಯ' ಎಂದೋ 'ದಮ್ಮು' ಎಂದೋ ಬರೆಯುವರು. ಕಸುಬಿನ ಸ್ಥಳದಲ್ಲಿ 'ಕೂಲಿ' ಎಂದೋ 'ಬೇಸಾಯ' ಎಂದೋ ಇರುವುದು. ಗಣಿಯ ಪುಸ್ತಕದಲ್ಲಿ ಉಳಿಯುವವರು ಗಟ್ಟಿಮುಟ್ಟಾದವರು ಮಾತ್ರ. ಆದಕಾರಣ ಗಣಿಯ ಲೆಕ್ಕವನ್ನು ನೋಡಿದವನಿಗೆ ಗಣಿಯ ಕೆಲಸವು ಆರೋಗ್ಯಕರವೆಂದೇ ತೋರುವುದು! ಫಾರ್ ಎಂಬಾತನ ಸ್ಥಾನಕ್ಕೆ ಬಂದ ವಿಲಿಯಂ ಓಗಲ್ ಇದನ್ನು 1885ರಲ್ಲಿಯೇ ಎಚ್ಚರಿಸಿದ್ದನು. ಬಲಹೀನರು ಕಠಿಣವಾದ ಕಸುಬನ್ನು ಬಿಟ್ಟು ಸುಲಭವಾದ ಕಸುಬನ್ನು ಹಿಡಿಯುವುದರಿಂದ, ಕೊಲ್ಲುವ ಕಸುಬು ನಿರ್ದೋಷಿಯಂತೆಯೂ ನಿರ್ದೋಷಿಯಾದ ಕಸುಬು ಕೊಲೆಗಾರನಂತೆಯೂ ಕಾಣುವುದೆಂಬುದೇ ಅವನ ಮಾತಿನ ಸಾರ. ಕೋಲಾರದ ಗಣಿಗಳು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದುವು. ಅಲ್ಲಿ ದುಡಿದವರ ಎದೆಯೊಳಗಿನ ದೂಳು ಅಂದಿಗೆ ಹೊರಬೀಳಲಿಲ್ಲ. ಕೆಲಸ ನಿಂತ ಮೇಲೆಯೂ ಈ ರೋಗವು ಬೆಳೆಯಬಲ್ಲುದು.

ಕಸುಬುಗಳ ನಡುವೆ ಇರುವಂತೆಯೇ ರೋಗಿಗಳ ಗುಂಪುಗಳ ನಡುವೆಯೂ ಸಾವಿನ ಪ್ರಮಾಣದಲ್ಲಿ ಭೇದವುಂಟು. ಇದಕ್ಕೆ ವಿಯೆನ್ನಾ ನಗರದ ಹೆರಿಗೆಯ ಆಸ್ಪತ್ರೆಯ ಕಥೆಯು ಪ್ರಸಿದ್ಧವಾಗಿದೆ. 1840ರ ದಶಕದಲ್ಲಿ ಅಲ್ಲಿ ಎರಡು ವಿಭಾಗಗಳಿದ್ದುವು. ವೈದ್ಯವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ನೂರಕ್ಕೆ ಸುಮಾರು 10 ಮಂದಿ ಬಾಣಂತಿಯರು ಸಾಯುತ್ತಿದ್ದರು; ಸೂಲಗಿತ್ತಿಯರ ವಿಭಾಗದಲ್ಲಿ ಸುಮಾರು 4 ಮಂದಿ. ವಿದ್ಯಾರ್ಥಿಗಳು ಹೆಣಗಳನ್ನು ಕೊಯ್ದು ನೋಡಿ, ಅದೇ ಕೈಗಳಿಂದ ಹೆರಿಗೆ ಮಾಡಿಸಲು ಬರುತ್ತಿದ್ದರೆಂಬುದನ್ನು ಸೆಮ್ಮಲ್ವೈಸ್ ಎಂಬ ವೈದ್ಯನು ಗಮನಿಸಿ, 1847ರಲ್ಲಿ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ನಿಯಮವನ್ನು ಮಾಡಿದನು. ಸಾವುಗಳು ಕೂಡಲೇ ಇಳಿದುವು. ಎರಡು ಅಂಕಿಗಳನ್ನು ಹೋಲಿಸಿ ನೋಡಿದುದರಿಂದ ಎಷ್ಟೋ ತಾಯಂದಿರ ಪ್ರಾಣವುಳಿಯಿತು.

ನಮ್ಮ ತುಮಕೂರು ಜಿಲ್ಲೆಯೇ ಇಂತಹ ಒಂದು ಹೋಲಿಕೆಗೆ ಕ್ಷೇತ್ರವಾಯಿತೆಂಬುದು ಜಿಲ್ಲೆಯವರಲ್ಲಿಯೇ ಅನೇಕರಿಗೆ ತಿಳಿಯದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಅದರ ಕಾರ್ಯಕರ್ತರು 1960–61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳನ್ನೂ ಪಟ್ಟಣಗಳನ್ನೂ ಸುತ್ತಿ ಕ್ಷಯರೋಗಿಗಳನ್ನು ಹುಡುಕಿದರು. ಕಫದಲ್ಲಿ ಕ್ರಿಮಿಗಳಿರುವವರು ಸಾವಿರಕ್ಕೆ ಸುಮಾರು ನಾಲ್ವರೆಂದು ಕಂಡಿತು. ಹೀಗೆ ಸಿಕ್ಕಿದ ರೋಗಿಗಳನ್ನು ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಪಂಡಿತರು ಮಾತನಾಡಿಸಿ, ತಮ್ಮ ಪ್ರಬಂಧವನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂಬುದು ಅದುವರೆಗಿನ ವಿದ್ಯಾವಂತರ ನಂಬಿಕೆ. ಆ ನಂಬಿಕೆಯು ಬಿದ್ದುಹೋಯಿತು. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ಕೆಮ್ಮಿನ ಅರಿವಿದ್ದಿತು. ಅರ್ಧಕ್ಕೆ ಸ್ವಲ್ಪ ಹೆಚ್ಚು ಮಂದಿ ವೈದ್ಯಶಾಲೆಗೆ ಹೋಗಿಯೂ ಇದ್ದರು. ಅಲ್ಲಿ ಅವರ ಕಫವನ್ನು ಪರೀಕ್ಷಿಸದೆ ಕೆಮ್ಮಿನ ಔಷಧದ ಬಾಟಲನ್ನು ಕೊಟ್ಟು ಕಳುಹಿಸಿದುದೇ ವಾಡಿಕೆಯಾಗಿದ್ದಿತು. ಈ ಪರಿಶೋಧನೆಗಳ ಬೆಳಕಿನಲ್ಲಿ 1962ರಿಂದ ದೇಶದ ಜಿಲ್ಲೆಜಿಲ್ಲೆಗಳಲ್ಲಿಯೂ ಕ್ಷಯ ನಿವಾರಣೆಯ ಕಾರ್ಯವು, ಪ್ರತ್ಯೇಕ ಆಸ್ಪತ್ರೆಗಳಿಗಾಗಿ ಕಾಯದೆ, ಸಾಮಾನ್ಯ ವೈದ್ಯಶಾಲೆಗಳ ಮೂಲಕವೇ ನಡೆಯುವಂತೆ ಏರ್ಪಟ್ಟಿತು.

ಚಿಕಿತ್ಸೆಯು ದೊರೆಯದ ರೋಗಿಯ ಗತಿಯೇನೆಂಬುದನ್ನೂ ಅದೇ ಸಂಸ್ಥೆಯು ಲೆಕ್ಕವಿಟ್ಟಿತು. ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ 1961ರಿಂದ 1968ರವರೆಗೆ ಅವರು ನಡೆಸಿದ ಪರಿಶೋಧನೆಯಲ್ಲಿ, ಮೊದಲು ಕಂಡ ಕ್ಷಯರೋಗಿಗಳಲ್ಲಿ ಐದು ವರ್ಷಗಳ ಕೊನೆಗೆ ನೂರಕ್ಕೆ ಸುಮಾರು 49 ಮಂದಿ ಸತ್ತಿದ್ದರು. 33 ಮಂದಿ ತಾವಾಗಿಯೇ ಗುಣಹೊಂದಿದ್ದರು. ಉಳಿದ 18 ಮಂದಿ ಇನ್ನೂ ರೋಗವನ್ನು ಹರಡುತ್ತಿದ್ದರು. ಈ ಮೂರು ಅಂಕಿಗಳನ್ನು ಪ್ರಪಂಚದ ವೈದ್ಯಗ್ರಂಥಗಳು ಇಂದಿಗೂ ಉದಾಹರಿಸುವುವು.

ಹೊಲ ತೋಟಗಳ ಕಸುಬು ನಿರಪಾಯವಾದುದೆಂದೂ ಕಾರ್ಖಾನೆಯೊಂದೇ ಅಪಾಯಕರವೆಂದೂ ಯಾರೂ ಭಾವಿಸಬಾರದು. ಹಾವು ಕಚ್ಚಿ ದೇಶದಲ್ಲಿ ವರ್ಷಕ್ಕೆ ಸುಮಾರು 46,000 ಮಂದಿ ಸಾಯುತ್ತಿದ್ದರೆಂದು 2011ರಲ್ಲಿ ಪ್ರಕಟವಾದ ಅಂದಾಜೊಂದು ಹೇಳಿತು. ಮನೆಮನೆಗೂ ಹೋಗಿ ಸತ್ತವರ ಬಂಧುಗಳನ್ನು ವಿಚಾರಿಸಿ ಕಟ್ಟಿದ ಲೆಕ್ಕವದು. ಆಸ್ಪತ್ರೆಗಳ ಲೆಕ್ಕಕ್ಕಿಂತ ಎಷ್ಟೋ ಪಾಲು ದೊಡ್ಡದು. ಸತ್ತವರಲ್ಲಿ ಹೆಚ್ಚಿನವರು ಮಳೆಗಾಲದಲ್ಲಿ ಹೊಲಗದ್ದೆಗಳ ನಡುವೆ ಬಾಳುವ ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕೆಂದು ವಿಧಿಸಿತು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಗೊತ್ತಾದ ಮಂಗನ ಕಾಯಿಲೆಯು ಹುಡುಕಿ ಹಿಡಿಯುವುದು ಸೌದೆಗೂ ಸೊಪ್ಪಿಗೂ ದನ ಮೇಯಿಸುವುದಕ್ಕೂ ಕಾಡಿಗೆ ಹೋಗುವವರನ್ನು. ಗುಬ್ಬಿಯ ಕಡೆ ಅಡಕೆ ತೆಂಗಿನ ಮರಗಳನ್ನು ಹತ್ತಿ ಜೀವಿಸುವವನಿಗೆ ಮರವೇ ಅನ್ನ, ಮರವೇ ಗಂಡಾಂತರ. ಅಡಕೆಯನ್ನು ಜಗಿಯುವುದೇ ಬಾಯಿಯ ಏಡಿಗಂತಿಗೆ ಕಾರಣವಾಗಬಲ್ಲುದೆಂದು ಅಂತರರಾಷ್ಟ್ರೀಯ ಸಂಸ್ಥೆಯು 2004ರಲ್ಲಿ ತೀರ್ಮಾನವನ್ನು ಪ್ರಕಟಿಸಿತು.

ಹಾಗಾದರೆ ಇಂದು ನಾವು ಮಾಡಬೇಕಾದುದೇನು? 1969ರ ಜನನ ಮರಣಗಳ ನೋಂದಣಿಯ ಕಾಯಿದೆಗೆ ಅನುಸಾರವಾಗಿ ಏರ್ಪಟ್ಟ ಮರಣದ ನಮೂನೆಯಲ್ಲಿ ಸತ್ತವನ ಕಸುಬಿಗೆ ಒಂದು ಅಂಕಣವುಂಟು. ಹೆಂಗಸಾದರೆ ಬಸಿರಿನಲ್ಲಿಯೋ ಬಾಣಂತಿತನದಲ್ಲಿಯೋ ತೀರಿಕೊಂಡಳೆ ಎಂಬ ಪ್ರಶ್ನೆಯುಂಟು. ಹೊಗೆಸೊಪ್ಪು, ಅಡಕೆ, ಮದ್ಯ ಇವುಗಳ ಅಭ್ಯಾಸವನ್ನು ಕುರಿತ ಪ್ರಶ್ನೆಗಳೂ ಉಂಟು. ಪಟೇಲನ ಕಾಲದ ಐದಾರು ಶೀರ್ಷಿಕೆಗಳಿಗೆ ಹೋಲಿಸಿದರೆ ಇದು ದೊಡ್ಡ ಮುನ್ನಡೆ. ಆದರೆ ಅಂಕಣವಿರುವುದು ಬೇರೆ, ಅದು ತುಂಬುವುದು ಬೇರೆ. 2020ರಲ್ಲಿ ದೇಶದಲ್ಲಿ ನೋಂದಾವಣೆಯಾದ ಮರಣಗಳಲ್ಲಿ ವೈದ್ಯರಿಂದ ಕಾರಣವು ದೃಢಪಟ್ಟವು ನೂರಕ್ಕೆ 22.5 ಮಾತ್ರ. ಉಳಿದವರು ಏತರಿಂದ ಸತ್ತರೆಂಬುದಕ್ಕೆ ವೈದ್ಯನ ಮಾತಿಲ್ಲ.

ಎರಕದ ಕಾರ್ಖಾನೆಯಲ್ಲಿ ಮರಳಿನ ದೂಳುಂಟು. ಹಿಟ್ಟಿನ ಗಿರಣಿಯಲ್ಲಿ ಧಾನ್ಯದ ದೂಳುಂಟು. ಜಲ್ಲಿ ಒಡೆಯುವಲ್ಲಿ ಕಲ್ಲಿನ ದೂಳುಂಟು. ದೊಡ್ಡ ಶೀತಲಗೃಹಗಳಲ್ಲಿ ಅಮೋನಿಯದ ಭಯವುಂಟು. ಇವೆಲ್ಲವೂ ತಡೆಯಬಹುದಾದ ಅಪಾಯಗಳು. ನೀರು ಚಿಮುಕಿಸಿ ಕೊರೆಯುವುದು, ದೂಳನ್ನು ಹುಟ್ಟಿದಲ್ಲಿಯೇ ಹೀರಿಕೊಳ್ಳುವ ಯಂತ್ರ, ಕಾಲಕಾಲಕ್ಕೆ ಎದೆಯ ಪರೀಕ್ಷೆ ಇವುಗಳಿಂದ ಎಷ್ಟೋ ಪ್ರಾಣಗಳು ಉಳಿಯುವುವು. 1948ರ ಕಾರ್ಖಾನೆಗಳ ಕಾಯಿದೆಯು ಸಿಲಿಕೋಸಿಸ್ ಮೊದಲಾದ ರೋಗಗಳನ್ನು ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕೆಂದು ಕಟ್ಟಳೆ ಮಾಡಿತು. ಆದರೆ ತಿಳಿಸುವ ವೈದ್ಯನು ಮೊದಲು ರಾಮಜೀನಿಯ ಪ್ರಶ್ನೆಯನ್ನು ಕೇಳಬೇಕು. ಗುತ್ತಿಗೆದಾರನ ಕೈಕೆಳಗೆ ಎರಡು ವರ್ಷ ಇಲ್ಲಿ, ಮೂರು ವರ್ಷ ಇನ್ನೊಂದು ಕಡೆ ದುಡಿದು, ಕೆಮ್ಮು ಹತ್ತಿದ ಮೇಲೆ ಊರಿಗೆ ಮರಳುವ ಕೆಲಸಗಾರನಿಗೆ 'ಈಗ ಏನು ಮಾಡುತ್ತಿದ್ದೀಯೆ?' ಎಂದರೆ ಸಾಲದು. 'ಇದುವರೆಗೆ ಏನೇನು ಮಾಡಿದೆ?' ಎಂದು ಕೇಳಬೇಕು. ಕೋಲಾರವು ನಮಗೆ ಕಲಿಸಿದ ಪಾಠವಿದು.

ವಸಂತನರಸಾಪುರದ ಕಾರ್ಖಾನೆಗಳಿಗೆ ಇನ್ನೂ ಚಿಕ್ಕ ವಯಸ್ಸು; ಅಲ್ಲಿ ದುಡಿಯುವವರಲ್ಲಿ ಬಹುಮಂದಿಗೂ ಹಾಗೆಯೇ. ದೂಳಿನ ರೋಗವು ಹತ್ತು ಇಪ್ಪತ್ತು ವರ್ಷಗಳ ಮೇಲೆ ಮುಖವನ್ನು ತೋರುವಂತಹುದು. ಆದುದರಿಂದ ಅಲ್ಲಿಯ ಮರಣದ ಚರಿತ್ರೆಯನ್ನು ಬರೆಯುವ ಕಾಲವು ಇನ್ನೂ ಬಂದಿಲ್ಲ; ಅದನ್ನು ಸರಿಯಾಗಿ ಬರೆಯಲು ಬೇಕಾದ ಪುಸ್ತಕವನ್ನು ತೆರೆಯುವ ಕಾಲವು ಈಗಲೇ ಬಂದಿದೆ. ತುಮಕೂರು, ಗುಬ್ಬಿ, ಕುಣಿಗಲು ತಾಲ್ಲೂಕುಗಳ ಯಾವ ಮನೆಯಲ್ಲಿಯೇ ಆಗಲಿ ಸಾವು ಸಂಭವಿಸಿದಾಗ, ದುಃಖದ ನಡುವೆಯೂ ಮನೆಯವರು ಸತ್ತವನು ಬಾಳಿನುದ್ದಕ್ಕೂ ಮಾಡಿದ ಕೆಲಸಗಳನ್ನು ಹೇಳಲಿ. ಬರೆಯುವವರು ಅವನ್ನು 'ಕೂಲಿ' ಎಂಬ ಎರಡಕ್ಷರಗಳಲ್ಲಿ ಮುಗಿಸದಿರಲಿ. ವೈದ್ಯರು ಕಾರಣವನ್ನು ನಿಶ್ಚಯಿಸಿ ರುಜು ಹಾಕಲಿ. ಸತ್ತವನಿಗೆ ಇದರಿಂದ ಆಗುವ ಉಪಕಾರವಿಲ್ಲ. ಅವನು ಬಿಟ್ಟುಹೋದ ಯಂತ್ರದ ಮುಂದೆ ಮಾರನೆಯ ದಿನ ಬಂದು ನಿಲ್ಲುವವನಿಗೆ ಉಂಟು.